ಮೂರು ಸಲ ಬಂದ ನಿದಿಗೆ ಕೆರೆ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಈಗ ನಂಬುತ್ತೀರಾ ಎಂದು ನೀವು ಕೇಳಿದರೆ ಅದಕ್ಕೂ ನನ್ನ ಬಳಿ ನೇರವಾದ ಉತ್ತರವಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲ್ಸು ಮಾರುವ ಅಂಗಡಿ. ಬರುವವರೆಲ್ಲ ಹೆಂಗಸರು. ಸೀರೆಯ ಸೆರಗಿಗೆ ಬಣ್ಣ ಹೊಂದಿಸುತ್ತಾ ನಿಂತಾಗ ಅವರ ಬಾಯಿಂದ ಎಷ್ಟೆಲ್ಲ ಕಥೆ ಬರುತ್ತದೆ. ಸತ್ತ ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳಂತೆ, ದೂರದಲ್ಲಿದ್ದ ಗಂಡನಿಗೆ ಪೆಟ್ಟು ಬಿದ್ದ ಹೊತ್ತಿಗೇ ಇಲ್ಲಿ ದೀಪ ಆರಿತಂತೆ. ನಾನು ಹೂಂಗುಟ್ಟುತ್ತಾ ಬಟ್ಟೆ ಅಳೆಯುತ್ತಿದ್ದೆ. ಅವರು ಮೆಟ್ಟಿಲಿಳಿದು ಹೋದ ಮೇಲೆ ಒಳಗೊಳಗೇ ನಗುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ನನಗೆ ಒಬ್ಬಳೇ ತಂಗಿ, ಸುಮಿತ್ರಾ. ಮನೆಯಲ್ಲಿ ಎಲ್ಲರಿಗೂ ಸುಮಿ. ನಾವು ಭದ್ರಾವತಿಯಲ್ಲಿ ಹುಟ್ಟಿ ಬೆಳೆದವರು. ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಸುಮಿ ನರ್ಸಿಂಗ್ ಓದಿದಳು. ಮಂಗಳೂರಿನಲ್ಲಿ ಕೆಲವು ವರ್ಷ, ಆಮೇಲೆ ಗಲ್ಫಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಕೊನೆಗೆ ಕೆನಡಾದ ಉತ್ತರದ ತುದಿಯ ಒಂದು ಸಣ್ಣ ಊರಿಗೆ ಹೋದಳು. ಮದುವೆಯಾಗಲಿಲ್ಲ. ಯಾಕೆ ಅಷ್ಟು ದೂರ ಎಂದು ಕೇಳಿದರೆ, ಅಲ್ಲಿ ನರ್ಸುಗಳು ಬೇಕಾಗಿದ್ದಾರೆ ಅಕ್ಕ, ಬೇರೆಲ್ಲ ಕಡೆ ನಾನಿಲ್ಲದಿದ್ದರೂ ನಡೆಯುತ್ತೆ ಎನ್ನುತ್ತಿದ್ದಳು.

ಅವಳ ಕೆಲಸ ವಿಮಾನದಲ್ಲಿ. ಅಲ್ಲಿ ಸಮುದ್ರದ ಅಂಚಿನಲ್ಲಿ ನೂರಿನ್ನೂರು ಮನೆಗಳ ಹಳ್ಳಿಗಳಿವೆಯಂತೆ. ರಸ್ತೆ ಇಲ್ಲ, ರೈಲು ಇಲ್ಲ. ಯಾರಿಗಾದರೂ ಜೋರಾಗಿ ಕಾಯಿಲೆಯಾದರೆ ಒಂದು ಚಿಕ್ಕ ವಿಮಾನ ಹೋಗಿ ಅವರನ್ನು ಆಸ್ಪತ್ರೆ ಇರುವ ಊರಿಗೆ ಕರೆತರಬೇಕು. ಇಬ್ಬರು ಪೈಲಟ್‌ಗಳು, ಒಬ್ಬ ನರ್ಸು, ಮಲಗಿದ ರೋಗಿ. ಅಷ್ಟೇ. ಅವಳು ಹೆಚ್ಚಾಗಿ ಹೋಗುತ್ತಿದ್ದ ಹಳ್ಳಿಯ ವಿಮಾನ ನಿಲ್ದಾಣ ಎಂದರೆ ಒಂದು ಜಲ್ಲಿ ಹಾಕಿದ ಪಟ್ಟಿ, ಒಂದು ತಗಡಿನ ಕೋಣೆ. ಆಸ್ಪತ್ರೆ ಇರುವ ಊರಿನದು ಅದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಹೊರಡುವಾಗಲೆಲ್ಲ ಅವಳು ನನಗೆ ಒಂದು ಮೆಸೇಜ್ ಹಾಕುತ್ತಿದ್ದಳು. 'ಹೊರಟ್ವಿ' ಎಂದು. ಇಳಿದ ಮೇಲೆ 'ಇಳಿದ್ವಿ' ಎಂದು. ಆ ಎರಡು ಮಾತುಗಳ ನಡುವಿನ ಹೊತ್ತು ನನಗೆ ಯಾವಾಗಲೂ ಕಷ್ಟ. ಹೀಗಿರುವಾಗ ಒಬ್ಬ ಗಿರಾಕಿಯ ಮಗಳು ನನಗೊಂದು ವೆಬ್‌ಸೈಟ್ ತೋರಿಸಿಕೊಟ್ಟಳು. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ಅವುಗಳ ನಡುವಿನ ದೂರ ಎಷ್ಟು ಕಿಲೋಮೀಟರು, ಹಾರಿ ತಲುಪಲು ಎಷ್ಟು ಹೊತ್ತು ಎಂದು ಅದು ಹೇಳುತ್ತದೆ. ಜಗತ್ತಿನ ಯಾವ ಮೂಲೆಯ ನಿಲ್ದಾಣವಾದರೂ ಸರಿ. ಸುಮಿಯ ಆ ಎರಡು ಊರುಗಳೂ ಅದರಲ್ಲಿದ್ದವು. ಮುನ್ನೂರು ಚಿಲ್ಲರೆ ಕಿಲೋಮೀಟರು, ಒಂದು ಗಂಟೆಯೊಳಗಿನ ಹಾರಾಟ. ಎರಡು ಚುಕ್ಕಿ, ನಡುವೆ ಒಂದು ನೇರ ಗೆರೆ. ಅದನ್ನು ನೋಡಿ ನನಗಾದ ಸಮಾಧಾನ ಇಷ್ಟಿಷ್ಟಲ್ಲ. ಅವಳ 'ಹೊರಟ್ವಿ' ಬಂದ ಕೂಡಲೇ ಆ ಪುಟ ತೆರೆದು ಮನಸ್ಸಿನಲ್ಲೇ ವಿಮಾನವನ್ನು ಗೆರೆಯ ಮೇಲೆ ಸಾಗಿಸುತ್ತಿದ್ದೆ. ಒಮ್ಮೆ ಈ ವಿಷಯ ಅವಳಿಗೆ ಹೇಳಿದಾಗ ತುಂಬಾ ನಕ್ಕಳು.

"ಅದು ಗಾಳಿಯನ್ನ ಕೇಳಿ ಬರೆದಿದ್ದಲ್ಲ ಅಕ್ಕ," ಎಂದಳು.

ನಾನು ಹೇಳಹೊರಟಿರುವುದು ಕೆಲವು ವರ್ಷಗಳ ಹಿಂದಿನ ಧನುರ್ಮಾಸದ ಒಂದು ಬೆಳಗಿನ ಮಾತು. ಭದ್ರಾವತಿಯ ಓಲ್ಡ್ ಟೌನಿನಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಂದು ಸತ್ಯನಾರಾಯಣ ಪೂಜೆ. ಮುತ್ತೈದೆಯರಿಗೆ ಕೊಡುವ ಬ್ಲೌಸ್ ಪೀಸುಗಳನ್ನು ನಾನೇ ಒಯ್ಯಬೇಕಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಯುವ ತನಕ ಏನೂ ತಿನ್ನಬಾರದೆಂದು ಬರೀ ಕಾಫಿ ಕುಡಿದು, ಬಟ್ಟೆಯ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ನಮಗೆ ಬೆಳಿಗ್ಗೆ ಎಂದರೆ ಸುಮಿಗೆ ಹಿಂದಿನ ದಿನದ ರಾತ್ರಿ. ಬಸ್ಸು ಇನ್ನೂ ನಿಂತಿರುವಾಗಲೇ ಅವಳ ಮೆಸೇಜ್ ಬಂತು. 'ಹೊರಟ್ವಿ ಅಕ್ಕ. ಬಾಣಂತಿ. ತುಂಬಾ ರಕ್ತ ಹೋಗ್ತಿದೆ. ದೇವರಿಗೆ ಹೇಳು.'

ಅವಳು ಎಂದೂ ರೋಗಿಯ ವಿಷಯ ಬರೆದವಳಲ್ಲ. ದೇವರ ಹೆಸರೆತ್ತಿದವಳೂ ಅಲ್ಲ. ಏನಾಯಿತು ಎಂದು ಬರೆದೆ. ಆ ಮೆಸೇಜಿಗೆ ಒಂದೇ ಗುರುತು ಬಿತ್ತು. ಅವಳ ಫೋನು ಆಗಲೇ ಸಂಪರ್ಕದಿಂದ ಆಚೆ ಹೋಗಿತ್ತು. ಬಸ್ಸು ಹೊರಟಿತು.

ನನ್ನ ಪಕ್ಕದಲ್ಲಿ ಕಾರ್ಖಾನೆ ಕಡೆಯ ಒಬ್ಬ ತಮಿಳು ಹೆಂಗಸು ಕೂತಿದ್ದಳು. ಕಾಲಬಳಿ ಸೇವಂತಿಗೆ ಹೂವಿನ ದೊಡ್ಡ ಚೀಲ. ಶಿವಮೊಗ್ಗದಿಂದ ಹೂವು ಕೊಂಡೊಯ್ದು ಭದ್ರಾವತಿಯಲ್ಲಿ ಮಾರುವವಳಂತೆ. ಒಂದೆರಡು ಮಾತಾಡಿದಳು, ನಾನು ಸರಿಯಾಗಿ ಉತ್ತರ ಕೊಡದ್ದನ್ನು ನೋಡಿ ಸುಮ್ಮನಾದಳು. ಎಂ.ಆರ್.ಎಸ್. ಸರ್ಕಲ್ ದಾಟಿತು, ಮಲವಗೊಪ್ಪ ದಾಟಿತು. ಬಿಸಿಲು ಚೆನ್ನಾಗಿತ್ತು, ಗಾಳಿ ಮಾತ್ರ ತಣ್ಣಗಿತ್ತು. ನಾನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದೆ.

ನಿದಿಗೆ ಬಂತು. ರಸ್ತೆಯ ಪಕ್ಕದಲ್ಲೇ ಕೆರೆ. ನೀರಿನ ಮೇಲೆ ತೆಳ್ಳಗೆ ಮಂಜು ಇನ್ನೂ ಉಳಿದಿತ್ತು. ರಸ್ತೆಯ ಬದಿಯಲ್ಲಿ ಒಬ್ಬಾತ ಮೊಪೆಡ್ ನಿಲ್ಲಿಸಿಕೊಂಡಿದ್ದ. ಹಿಂದೆ ಕಟ್ಟಿದ್ದ ಹಸಿಹುಲ್ಲಿನ ಹೊರೆ ಒಂದು ಕಡೆಗೆ ಜಾರಿತ್ತು. ಅವನು ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಹೊರೆಯನ್ನು ಎತ್ತಿ ಕೂರಿಸುತ್ತಿದ್ದ. ಕೆಂಪು ಮಫ್ಲರ್ ಸುತ್ತಿದ್ದ. ಇಷ್ಟನ್ನು ನಾನು ಕಂಡೆ. ಕೆರೆ ಹಿಂದೆ ಹೋಯಿತು.

ಮಾಚೇನಹಳ್ಳಿ ಬಂತು. ಅಲ್ಲಿಯ ಕಾರ್ಖಾನೆಗಳ ಗೇಟುಗಳು, ಕೆಲಸಕ್ಕೆ ಹೋಗುವವರ ಬೈಕುಗಳು. ಅಲ್ಲಿ ನನಗೆ ಹೊಟ್ಟೆಯಲ್ಲಿ ಒಂದು ಥರ ಆಯಿತು. ಜಾತ್ರೆಯ ತೊಟ್ಟಿಲು ಮೇಲಿಂದ ಕೆಳಗೆ ಬರುವಾಗ ಆಗುತ್ತದಲ್ಲ, ಹಾಗೆ. ಬಸ್ಸು ಕೆಳಗೆ, ಇನ್ನೂ ಕೆಳಗೆ ಇಳಿಯುತ್ತಿರುವ ಹಾಗೆ. ಮರುಕ್ಷಣ ಯಾರೋ ಹಿಡಿದು ಮೇಲಕ್ಕೆಳೆದಂತೆ ನನ್ನ ಬೆನ್ನು ಸೀಟಿಗೆ ಒತ್ತಿಕೊಂಡಿತು. ಘಾಟಿ ಹತ್ತುವ ಬಸ್ಸಿನ ಹಾಗೆ ಇಂಜಿನ್ನು ಮೊರೆಯಿತು. ಆ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದೇನೆ. ಅಂಥ ಇಳಿಜಾರೂ ಅಲ್ಲಿಲ್ಲ, ಅಂಥ ಏರೂ ಅಲ್ಲಿಲ್ಲ. ಖಾಲಿ ಹೊಟ್ಟೆ, ಅದಕ್ಕೇ ತಲೆ ತಿರುಗುತ್ತಿದೆ ಎಂದುಕೊಂಡು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

ತಲೆ ಎತ್ತಿ ಕಿಟಕಿಯಾಚೆ ನೋಡಿದರೆ ಕೆರೆ.

ಮೊದಲು ನನಗೆ ಏನೂ ಅನ್ನಿಸಲಿಲ್ಲ. ಯಾವುದೋ ಬೇರೆ ಕೆರೆ ಇರಬೇಕು ಎಂದುಕೊಂಡೆ. ಆಮೇಲೆ ಮೊಪೆಡ್ ಕಂಡಿತು. ಕೆಂಪು ಮಫ್ಲರು, ಜಾರಿದ ಹುಲ್ಲಿನ ಹೊರೆ, ಹಲ್ಲಿನಲ್ಲಿ ಕಚ್ಚಿದ ಹಗ್ಗ. ಅದೇ ಮನುಷ್ಯ ಅದೇ ಹೊರೆಯನ್ನು ಎತ್ತಿ ಕೂರಿಸುತ್ತಿದ್ದ. ನಾನು ಎದ್ದು ನಿಂತೆ. ಕಂಡಕ್ಟರ್ ಮುಂದಿನ ಬಾಗಿಲ ಹತ್ತಿರ ಇದ್ದ. ನಿಂತಲ್ಲಿಂದಲೇ ಅವನನ್ನು ಕೇಳಿದೆ, ನಿದಿಗೆ ಆಗಲೇ ಹೋಯಿತಲ್ಲ, ಬಸ್ಸು ಯಾಕೆ ಹಿಂದೆ ತಿರುಗಿಸಿದಿರಿ ಎಂದು.

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಈಗ ಬಂತು ನೋಡಿ ಅಮ್ಮ ನಿದಿಗೆ. ನೀವು ಭದ್ರಾವತಿ ಅಲ್ವಾ? ಕೂತ್ಕೊಳ್ಳಿ, ಇನ್ನೂ ದೂರ ಇದೆ."

ಯಾರೋ ಒಬ್ಬಿಬ್ಬರು ತಿರುಗಿ ನೋಡಿದರು, ಮತ್ತೆ ತಮ್ಮ ಫೋನಿಗೆ ಕಣ್ಣು ಹಾಕಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ. ಹೂವಿನ ಹೆಂಗಸು ನನ್ನ ಸೆರಗು ಹಿಡಿದು ಕೂರಿಸಿದಳು. ಮೈ ಹುಷಾರಿಲ್ಲವಾ ಎಂದು ಕೇಳಿದಳು. ಬಸ್ಸು ಎಲ್ಲಾದರೂ ತಿರುಗಿತಾ, ನೀನು ನೋಡಿದೆಯಾ ಎಂದು ನಾನು ಅವಳನ್ನು ಕೇಳಿದೆ.

"ಎಲ್ಲಿ ತಿರುಗತ್ತಕ್ಕಾ ಬಸ್ಸು, ನೇರ ಬರ್ತಾ ಇದೆ," ಎಂದಳು.

ಮತ್ತೆ ಮಾಚೇನಹಳ್ಳಿ. ಮತ್ತೆ ಅವೇ ಗೇಟುಗಳು. ಈ ಸಲ ನನಗೆ ಮೊದಲೇ ಗೊತ್ತಿತ್ತು. ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತೆ. ಹೊಟ್ಟೆ ಕೆಳಗಿಳಿಯಿತು, ಇಳಿಯುತ್ತಲೇ ಹೋಯಿತು. ಈಗ ನೆಲ ಸಿಗುತ್ತದೆ, ಈಗ ಸಿಗುತ್ತದೆ ಎಂದು ನನ್ನ ಕಾಲು ಬಸ್ಸಿನ ತಗಡನ್ನು ಒತ್ತುತ್ತಿತ್ತು. ಬಸ್ಸಿನೊಳಗೇ ಕೂತು ನೆಲಕ್ಕಾಗಿ ಯಾಕೆ ಹಾಗೆ ಹಂಬಲಿಸಿದೆನೋ ತಿಳಿಯದು. ನೆಲ ಸಿಗಲಿಲ್ಲ. ಮತ್ತೆ ಬೆನ್ನು ಸೀಟಿಗೆ ಅಂಟಿತು, ಮತ್ತೆ ಆ ಮೊರೆತ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಮುಚ್ಚಬಾರದೆಂದು ಹಟ ಹಿಡಿದು ಕಿಟಕಿಯನ್ನೇ ನೋಡುತ್ತಿದ್ದೆ. ಆದರೂ ಗೇಟುಗಳು ಯಾವಾಗ ಹೋದವು, ಕೆರೆ ಯಾವಾಗ ಬಂತು ಎಂಬುದನ್ನು ಹಿಡಿಯಲಾಗಲಿಲ್ಲ. ನಡುವೆ ಬಿಟ್ಟುಹೋದದ್ದೇನೂ ಇರಲಿಲ್ಲ. ಗೇಟುಗಳಿದ್ದವು, ಆಮೇಲೆ ಕೆರೆ ಇತ್ತು.

ಮೂರನೆಯ ಸಲ ಮೊಪೆಡ್ ಇರಲಿಲ್ಲ, ಆ ಮನುಷ್ಯನೂ ಇರಲಿಲ್ಲ. ನೀರೇ ಕಾಣಲಿಲ್ಲ. ಕೆರೆಯಿದ್ದ ಜಾಗದಲ್ಲಿ ಬರೀ ಬಿಳುಪು. ಬಿಳಿಯಲ್ಲಿ ಎಷ್ಟು ಬಗೆ ಇದೆ ಎಂಬುದು ನನ್ನ ಕಸುಬಿನಲ್ಲಿರುವವರಿಗೆ ಗೊತ್ತು. ಹಾಲಿನ ಬಿಳಿ, ಕೆನೆಬಿಳಿ, ನೀಲಿ ಹಾಕಿದ ಪಂಚೆಯ ಬಿಳಿ. ಇದು ಅದ್ಯಾವುದೂ ಅಲ್ಲ. ಅಂಥ ಬಿಳಿಯ ಬಟ್ಟೆಯನ್ನು ನಾನು ಎಂದೂ ಮುಟ್ಟಿಲ್ಲ. ಕಿಟಕಿಯ ಗಾಜು ತಣ್ಣಗಾಗಿ ನನ್ನ ಕೆನ್ನೆ ಮರಗಟ್ಟಿತು. ಬಸ್ಸು ನಿಲ್ಲಿಸಿ ಎಂದು ಕೂಗಬೇಕೆಂದುಕೊಂಡೆ. ನಿಲ್ಲಿಸಿದರೆ ಎಲ್ಲಿ ಇಳಿಯುವುದು? ಇಳಿಯಲು ಅಲ್ಲಿ ಏನಿದೆ? ನಾನು ಅಳತೊಡಗಿದೆ. ಸದ್ದು ಮಾಡಲಿಲ್ಲ, ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಹೂವಿನ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು. ಅದನ್ನು ಹಿಡಿಯಲು ನನ್ನ ಬೆರಳು ಮಡಚಲಿಲ್ಲ. ಅವಳೇ ಕುಡಿಸಿದಳು.

ಮತ್ತೊಮ್ಮೆ ಮಾಚೇನಹಳ್ಳಿ, ಮತ್ತೊಮ್ಮೆ ಆ ಇಳಿತ, ಆ ಏರು. ಇನ್ನು ಕೆರೆ ಬರುತ್ತದೆ ಎಂದು ಉಸಿರು ಬಿಗಿಹಿಡಿದು ಕಾದೆ. ಬರಲಿಲ್ಲ. ಬಿಸಿಲು ಬಂತು. ಕಡದಕಟ್ಟೆ ಬಂತು. ಕಂಡಕ್ಟರ್ ಇಳಿಯುವವರನ್ನು ಬಾಗಿಲಿಗೆ ಕರೆಯತೊಡಗಿದ. ಸ್ವಲ್ಪ ಹೊತ್ತಿಗೆ ಭದ್ರಾವತಿ ಬಸ್‌ಸ್ಟ್ಯಾಂಡ್.

ಗಡಿಯಾರ ನೋಡಬೇಕಿತ್ತು ಎಂದು ನೀವು ಅನ್ನಬಹುದು. ಕೈಯಲ್ಲೇ ಫೋನಿತ್ತು. ಆದರೆ ಆ ಹೊತ್ತಿಗೆ ನನಗೆ ಅದು ಹೊಳೆಯಲೇ ಇಲ್ಲ. ಆಟೋದಲ್ಲಿ ಓಲ್ಡ್ ಟೌನಿಗೆ ಹೋದೆ. ಅಷ್ಟೆಲ್ಲ ಸುತ್ತಿ ಬಂದವಳಿಗೆ ಪೂಜೆ ಮುಗಿದಿರುತ್ತದೆ ಎಂದೇ ಅನ್ನಿಸಿತ್ತು. ನೋಡಿದರೆ ಪುರೋಹಿತರು ಆಗತಾನೆ ಬಂದು ಕಾಲು ತೊಳೆಯುತ್ತಿದ್ದರು. ಚಿಕ್ಕಮ್ಮ ಬಾಗಿಲಿಗೆ ಬಂದು, ಹೇಳಿದ ಹೊತ್ತಿಗೆ ಸರಿಯಾಗಿ ಬಂದೆಯಲ್ಲ ಎಂದು ಹೊಗಳಿದಳು. ಆಮೇಲೆ ನನ್ನ ಕೈ ಹಿಡಿದು ಗಾಬರಿಯಾದಳು.

"ಏನೇ ಮಾರಾಯ್ತಿ ಇದು, ಕೈ ಇಷ್ಟು ತಣ್ಣಗಿದೆ? ಫ್ರಿಜ್ಜಲ್ಲಿ ಇಟ್ಕೊಂಡಿದ್ಯಾ?"

ಪೂಜೆಯುದ್ದಕ್ಕೂ ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡೇ ಕೂತೆ. ವೆಬ್‌ಸೈಟ್ ಹೇಳಿದ ಒಂದು ಗಂಟೆ ಎಂದೋ ಮುಗಿದಿತ್ತು. ಆ ನೇರ ಗೆರೆಯನ್ನು ತೆರೆದು ನೋಡಿದೆ. ಅದು ಹಾಗೇ ಇತ್ತು, ಎರಡು ಚುಕ್ಕಿಗಳ ನಡುವೆ. ಯಾರಿಗೆ ಫೋನ್ ಮಾಡುವುದು? ಆ ಆಸ್ಪತ್ರೆಯ ನಂಬರೂ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಏನೆಂದು ಕೇಳುವುದು, ಯಾವ ಭಾಷೆಯಲ್ಲಿ? ತಂಗಿಯ ಹೆಸರು ಹೇಳಿ ಸಂಕಲ್ಪ ಮಾಡಿಸಿ ಎಂದು ಪುರೋಹಿತರಿಗೆ ಹೇಳಿದೆ. ಅದೊಂದೇ ನನ್ನ ಕೈಯಲ್ಲಿದ್ದದ್ದು. ಪ್ರಸಾದ ಹಂಚುವ ಹೊತ್ತಿಗೆ ಮೆಸೇಜ್ ಬಂತು. 'ವಾಪಸ್ ಬಂದ್ವಿ. ನಾನು ಹುಷಾರಾಗಿದ್ದೀನಿ. ಮಾತಾಡಕ್ಕೆ ಆಗಲ್ಲ ಅಕ್ಕ, ಆಮೇಲೆ.' 'ಇಳಿದ್ವಿ' ಎಂದು ಬರೆದಿರಲಿಲ್ಲ. ವಾಪಸ್ ಎಂದರೆ ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಂದು ಸಂಜೆ ಮನೆಗೆ ಬಂದು ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಇದನ್ನು ನೀವು ನೆನಪಿಡಬೇಕು, ಯಾಕೆಂದರೆ ಆಮೇಲೆ ನಾನೇ ನನ್ನ ನೆನಪನ್ನು ಅನುಮಾನಿಸಿದಾಗ ಅವರೊಬ್ಬರೇ ನನಗೆ ಸಾಕ್ಷಿಯಾಗಿದ್ದರು. ನಿದಿಗೆ ಕೆರೆ ಮೂರು ಸಲ ಬಂತು ಎಂದು ಅಂದೇ, ಆ ಸಂಜೆಯೇ ಅವರಿಗೆ ಹೇಳಿದ್ದೇನೆ. ಅವರು ನಗಲಿಲ್ಲ. ಬೆಳಿಗ್ಗೆಯಿಂದ ಉಪವಾಸ, ಮೇಲೆ ತಂಗಿಯ ಚಿಂತೆ, ಕೂತಲ್ಲೇ ಜೊಂಪು ಹತ್ತಿರಬೇಕು ಎಂದರು. ಮರುದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಒಮ್ಮೊಮ್ಮೆ ಮಿದುಳು ಈಗ ಕಂಡದ್ದನ್ನೇ ಹಿಂದೆ ಕಂಡ ಹಾಗೆ ತೋರಿಸುತ್ತದೆ, ದಣಿದವರಿಗೆ ಹಾಗಾಗುವುದುಂಟು ಎಂದು ಸಮಾಧಾನ ಹೇಳಿದರು. ಅದನ್ನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ಸುಲಭವಾಗಿತ್ತು. ಆಮೇಲೆ ಅದೇ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದೆ. ಕೆರೆ ಒಂದೇ ಸಲ ಬರುತ್ತಿತ್ತು.

ಸುಮಿ ಆ ಬೇಸಿಗೆಯಲ್ಲಿ ರಜೆಗೆ ಬಂದಳು. ಬೆಂಗಳೂರಿನಿಂದ ಸೋಗಾನೆಗೆ ವಿಮಾನದಲ್ಲೇ ಬಂದು ಇಳಿದಳು. ನಮ್ಮೂರಿಗೂ ವಿಮಾನ ಬಂತಲ್ಲ ಎಂದು ನಾವೆಲ್ಲ ಸಂಭ್ರಮಪಟ್ಟರೆ ಅವಳು ಸುಮ್ಮನೆ ನಕ್ಕಳು. ತುಂಬಾ ಇಳಿದುಹೋಗಿದ್ದಳು. ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತಿದ್ದಳು. ಆ ರಾತ್ರಿಯ ವಿಷಯ ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಒಂದು ಭಾನುವಾರ ಸಂಜೆ ಅವಳೇ ಗಾಜನೂರಿಗೆ ಹೋಗೋಣ ಎಂದಳು. ಡ್ಯಾಮಿನ ಹಿನ್ನೀರಿನ ಹತ್ತಿರ ನಾವಿಬ್ಬರೇ ಕೂತೆವು. ನಮ್ಮ ಯಜಮಾನರು ಸ್ವಲ್ಪ ದೂರದಲ್ಲಿ ಕಾರಿನ ಹತ್ತಿರವೇ ಉಳಿದರು.

ಅಲ್ಲಿ ಅವಳು ಹೇಳಿದಳು. ಆ ಹೆಣ್ಣುಮಗಳಿಗೆ ಇಪ್ಪತ್ತರ ಆಸುಪಾಸಿನ ವಯಸ್ಸಂತೆ. ಹಳ್ಳಿಯಲ್ಲೇ ಹೆರಿಗೆಯಾಗಿತ್ತು. ಮಗು ಚೆನ್ನಾಗಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ತಾಯಿಯನ್ನು ವಿಮಾನಕ್ಕೆ ಹಾಕಿಕೊಂಡರು. ಹೊರಟಾಗ ಗಾಳಿ ಇರಲಿಲ್ಲ, ನಕ್ಷತ್ರ ಕಾಣುತ್ತಿತ್ತು. ಆಸ್ಪತ್ರೆಯ ಊರಿನ ಹತ್ತಿರ ಬಂದಾಗ ಹಿಮದ ಗಾಳಿ ಎದ್ದಿತು. ಪೈಲಟ್‌ಗಳು ಇಳಿಸಲು ನೋಡಿದರು. ಕೆಳಗೆ ಕೆಳಗೆ ಬಂದು, ರನ್‌ವೇ ಕಾಣದೆ, ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲಕ್ಕೆತ್ತಿದರು. ಸುತ್ತು ಹೊಡೆದು ಇನ್ನೊಮ್ಮೆ ಇಳಿದರು, ಇನ್ನೊಮ್ಮೆ ಎತ್ತಿದರು. ಮೂರನೆಯ ಸಲವೂ ಆಗಲಿಲ್ಲ. ವಿಮಾನದ ದೀಪದ ಬೆಳಕು ಹಿಮಕ್ಕೆ ಬಡಿದು ಕಿಟಕಿಯ ತುಂಬ ಬರೀ ಬಿಳುಪು. ಇನ್ನೂ ಸುತ್ತುತ್ತಿದ್ದರೆ ಇಂಧನ ಸಾಲದು ಎಂದು ಹೊರಟ ಹಳ್ಳಿಗೇ ವಾಪಸ್ ತಿರುಗಿಸಿದರು. ಅರ್ಧ ದಾರಿಯಲ್ಲಿ ಆ ಹುಡುಗಿ ತೀರಿಕೊಂಡಳು. ಅವಳ ಹೆಸರನ್ನು ಸುಮಿ ನನಗೆ ಹೇಳಿದ್ದಾಳೆ. ಇಲ್ಲಿ ಬರೆಯುವುದು ಬೇಡ.

ಮೂರು ಸಲ ಎಂದು ಕೇಳಿದಾಗಲೇ ನನಗೆ ಆ ಬಸ್ಸು ನೆನಪಾಗಿತ್ತು. ಆದರೂ ಮೂರು ಎಂಬುದು ದೊಡ್ಡ ಸಂಗತಿಯಲ್ಲ, ಯಾವುದಾದರೂ ಮೂರು ಸಲ ಆಗಬಹುದು. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ತಾನಾಗಿಯೇ ಹೇಳಿದಳು, ನಾನು ಏನನ್ನೂ ಕೇಳಿರಲಿಲ್ಲ.

"ಆ ಹುಡುಗಿ ನನ್ ಕೈ ಬಿಡ್ತಾ ಇರಲಿಲ್ಲ ಅಕ್ಕ. ನಂಗೂ ಹೆದರಿಕೆ. ಅಳು ಬರಬಾರದು ಅಂತ ಬಾಯಿಗೆ ಬಂದಿದ್ದು ಹೇಳ್ತಾ ಹೋದೆ. ಏನ್ ಹೇಳಿದೆ ಗೊತ್ತಾ? ನಮ್ಮ ಬಸ್ಸಿನ ಸ್ಟಾಪುಗಳು. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ..."

ಅವಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಗ, ನಾನು ಇಲ್ಲಿ ಒಂದು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಭದ್ರಾವತಿಗೆ ಮರಳುತ್ತಿದ್ದೆವು. ಅವಳು ನನ್ನ ಭುಜಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡೇ, ಈಗ ಎಲ್ಲಿಗೆ ಬಂತು ಎಂದು ಹೇಳುತ್ತಾ ಹೋಗುತ್ತಿದ್ದಳು. ಬಹಳ ಸಲ ಸರಿಯಾಗಿರುತ್ತಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ.

ಆ ವಿಮಾನದಲ್ಲಿ ಅವಳು ಮಾಚೇನಹಳ್ಳಿ ಎನ್ನುವ ಹೊತ್ತಿಗೆ ವಿಮಾನ ಇಳಿಯತೊಡಗುತ್ತಿತ್ತಂತೆ. ಇಂಜಿನ್ನು ಮೊರೆದು ಮತ್ತೆ ಮೇಲೇರಿದಾಗ ಅವಳು ಎಣಿಕೆಯನ್ನು ಹಿಂದಕ್ಕೆ ಒಯ್ದು ಮತ್ತೆ ನಿದಿಗೆಯಿಂದ ಶುರುಮಾಡುತ್ತಿದ್ದಳಂತೆ. ಮಲವಗೊಪ್ಪದಿಂದ ಯಾಕಲ್ಲ ಎಂದರೆ ಅವಳಿಗೂ ಗೊತ್ತಿಲ್ಲ. ನಿದಿಗೆ ಎಂದೇ ಬಾಯಿಗೆ ಬಂತಂತೆ. ಆ ಹುಡುಗಿ ಅವಳ ತುಟಿಯನ್ನೇ ನೋಡುತ್ತಿದ್ದಳಂತೆ. ಏನೋ ಮಂತ್ರ ಎಂದುಕೊಂಡಳೋ ಏನೋ. ಮೂರನೆಯ ಸಲ ಅವಳೂ ಸುಮಿಯ ಜೊತೆಗೆ ಮೆಲ್ಲಗೆ ನಿದಿಗೆ ಎಂದಳಂತೆ.

ಆಗ ನಾನು ನನ್ನದನ್ನು ಹೇಳಿದೆ. ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಬಸ್ಸು, ಹೊರೆಯ ಮನುಷ್ಯ, ಕಂಡಕ್ಟರ್ ಹೇಳಿದ್ದು, ಮಾಚೇನಹಳ್ಳಿಯಲ್ಲಿ ಹೊಟ್ಟೆ ಇಳಿದದ್ದು, ಕೊನೆಯ ಸಲದ ಆ ಬಿಳುಪು. ಸುಮಿ ಅಲ್ಲಾಡದೆ ಕೇಳಿದಳು. ಆಮೇಲೆ ಎದ್ದು ಕಾರಿನ ಹತ್ತಿರ ಹೋಗಿ ನಮ್ಮ ಯಜಮಾನರನ್ನು ಕೇಳಿದಳು, ಭಾವ, ಅಕ್ಕ ಇದನ್ನು ನಿಮಗೆ ಯಾವತ್ತು ಹೇಳಿದಳು ಎಂದು. ಅದೇ ದಿನ ಸಂಜೆ ಎಂದು ಅವರು ಹೇಳಿದರು. ಅವಳು ಮರಳಿ ಬಂದು ನನ್ನ ಪಕ್ಕ ಕೂತಳು.

"ಮೂರನೇ ಸಲ ಆದ್ಮೇಲೆ ನಾನು ಎಣಿಸೋದು ನಿಲ್ಲಿಸಿಬಿಟ್ಟೆ," ಎಂದಳು. "ಭದ್ರಾವತಿ ಅನ್ನಲೇ ಇಲ್ಲ. ಅಂದಿದ್ದಿದ್ರೆ?"

ನಾನು ಅಕ್ಕನಾದವಳು ಹೇಳಬೇಕಾದ್ದನ್ನೇ ಹೇಳಿದೆ. ಹುಚ್ಚಿ, ಸ್ಟಾಪಿನ ಹೆಸರು ಹೇಳಿದರೆ ವಿಮಾನ ಇಳಿಯುತ್ತದೇನೇ, ನಿನ್ನ ಕೈಲಾದದ್ದನ್ನೆಲ್ಲ ಮಾಡಿದ್ದೀಯ ಎಂದೆ.

"ನಾನು ಭದ್ರಾವತಿ ಅನ್ನಲಿಲ್ಲ. ಆದ್ರೂ ನೀನು ತಲುಪಿದೆಯಲ್ಲ ಅಕ್ಕ. ಹೇಗೆ ತಲುಪಿದೆ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಲೆಕ್ಕ ತಪ್ಪಿದ ಮಕ್ಕಳು ಕೇಳುವ ಹಾಗೆ ಕೇಳಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವವಳ ಹಾಗೆ ಅಂದಳು.

"ನಮ್ಮಿಬ್ಬರಿಗೂ ಸೇರಿ ಇಳಿಯೋದು ಒಂದೇ ಇತ್ತೇನೋ. ಅದು ನಿಂಗೆ ಸಿಕ್ತೇನೋ."

ಹಾಗೆಂದ ಕೂಡಲೇ ಅವಳಿಗೇ ಗಾಬರಿಯಾಯಿತು. ನನ್ನ ಕೈ ಹಿಡಿದುಕೊಂಡು, ಏನೋ ಬಾಯಿಗೆ ಬಂತು ಅಕ್ಕ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಳು. ಇಬ್ಬರೂ ಅತ್ತೆವು. ಯಜಮಾನರು ದೂರದಿಂದ ನೋಡಿದರು, ಹತ್ತಿರ ಬರಲಿಲ್ಲ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಆದರೆ ರಜೆ ಮುಗಿಸಿ ಹೊರಡುವ ದಿನ, ಸೋಗಾನೆಯಲ್ಲಿ ಒಳಗೆ ಹೋಗುವ ಮುಂಚೆ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದಳು.

"ನಾನು ಹೊರಟ್ವಿ ಅಂತ ಹಾಕಿದಾಗ ನೀನು ಬಸ್ ಹತ್ತಬೇಡ ಅಕ್ಕ. ಅಷ್ಟು ಮಾಡು."

ಆಗಲಿ ಎಂದೆ.

ಅವಳು ಈಗಲೂ ಅದೇ ಕೆಲಸದಲ್ಲಿದ್ದಾಳೆ. ಅವಳು ಕರೆತಂದವರಲ್ಲಿ ಎಷ್ಟೋ ಜನ ಬದುಕಿದ್ದಾರೆ. ಆ ಹುಡುಗಿಯ ಮಗು ಈಗ ಓಡಾಡುತ್ತಿದೆಯಂತೆ. ಆ ಹಳ್ಳಿಗೆ ಹೋದಾಗಲೆಲ್ಲ ಸುಮಿ ಹೋಗಿ ನೋಡಿ ಬರುತ್ತಾಳೆ. ನನಗಾದದ್ದು ಏನು ಎಂದು ಈ ವರ್ಷಗಳಲ್ಲಿ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಡಾಕ್ಟರು ಹೇಳಿದ್ದರಿಂದ ಬಸ್ಸಿನಲ್ಲಾದದ್ದು ಅರ್ಧ ತಿಳಿಯುತ್ತದೆ, ಸುಮಿಯ ಎಣಿಕೆ ತಿಳಿಯುವುದಿಲ್ಲ. ಕಾಕತಾಳೀಯ ಎಂದುಕೊಂಡರೆ ನಿದ್ದೆ ಬರುತ್ತದೆ, ಮಧ್ಯದಲ್ಲಿ ಎಚ್ಚರವಾದರೆ ಆ ಮಾತು ಸಾಲುವುದಿಲ್ಲ.

ಕಳೆದ ತಿಂಗಳು ಚಿಕ್ಕಮ್ಮನನ್ನು ನೋಡಲೆಂದು ಹೊರಟಿದ್ದೆ. ಬಸ್ಸು ಮಲವಗೊಪ್ಪ ದಾಟಿತ್ತು. ಆಗ ಫೋನು ಮಿಡಿಯಿತು. 'ಹೊರಟ್ವಿ.' ನಾನು ಎದ್ದು ಕಂಡಕ್ಟರನ್ನು ಬೇಡಿಕೊಂಡೆ. ಸ್ಟಾಪಲ್ಲದ ಕಡೆ ನಿಲ್ಲಿಸುವುದಿಲ್ಲ ಎಂದು ಗೊಣಗುತ್ತಾ ಅವನು ಸೀಟಿ ಊದಿದ. ಬಸ್ಸು ನನ್ನನ್ನು ರಸ್ತೆಯ ಬದಿಗೆ ಇಳಿಸಿ ಹೋಯಿತು. ಹತ್ತಿರದಲ್ಲಿ ಮನೆಯಿಲ್ಲ, ಮರವಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಒಬ್ಬ ಆಟೋದವನು ನಿಲ್ಲಿಸಿ, ಎಲ್ಲಿಗಮ್ಮ ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಂದಕ್ಕೂ ಹಿಂದಕ್ಕೂ ಒಂದು ಹೆಜ್ಜೆ ಇಡದೆ ಅಲ್ಲೇ ನಿಂತೆ. ಹೀಗೆ ನಿಲ್ಲುವುದರಿಂದ ಅವಳಿಗೆ ಒಳ್ಳೆಯದಾಗುತ್ತದೋ, ಕೆಟ್ಟದ್ದಾಗುತ್ತದೋ, ಏನೂ ಆಗುವುದಿಲ್ಲವೋ, ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. 'ಇಳಿದ್ವಿ' ಎಂದು ಬರುವ ತನಕ ನಿಂತೇ ಇದ್ದೆ.